ವೀರಭದ್ರಣ್ಣನ ಅಪ್ಪನ ಮಟ್ಟು

ಕುರುಗೋಡಿನಲ್ಲಿ ಒಂದು ಮದುವೆ ಮಾತುಕತೆ ಹಾಡಿನ ದೆಸೆಯಿಂದ ಮುರಿದುಬಿತ್ತು. ಹುಡುಗಿ ಕೆಟ್ಟದಾಗಿ ಹಾಡಿದಳು ಅಂತಲ್ಲ. ಬಹಳ ಚೆನ್ನಾಗಿ ಹಾಡಿದಳು. ಗಂಡಿನ ಕಡೆಯವರು ತಲೆದೂಗಿದರು. ಅದೇ ಎಡವಟ್ಟಾಯಿತು.

ಹಾಗೂ ಉಂಟೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ. ಆದರೆ ಆ ಮಾತುಕತೆಗೆ ಎರಡೂ ಕಡೆ ಓಡಾಡಿದವನು ನಾನೇ ಆದ್ದರಿಂದ ಬರೀ ಕೇಳುತ್ತಾ ಕೂರುವಂತಿರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತೇ ಇದೆ. ವಿಮೆ ಏಜೆಂಟ್. ಬಳ್ಳಾರಿಯಲ್ಲಿ ಬಸ್ಸು ಹತ್ತಿ ಒಂದು ದಿನ ಕುರುಗೋಡು, ಇನ್ನೊಂದು ದಿನ ಸಿರುಗುಪ್ಪ, ಸಂಜೆಗೆ ಮತ್ತೆ ಬಳ್ಳಾರಿ. ಸಾವಿನ ಮಾತಾಡಿ ಹೊಟ್ಟೆ ಹೊರೆಯುವ ಮನುಷ್ಯ ಅಂತ ಹೆಂಡತಿ ಹಂಗಿಸುತ್ತಾಳೆ. ಆ ಪಾಪ ಕಳೆಯಲಿ ಅಂತ ನಡುನಡುವೆ ಮದುವೆ ಮಾತನ್ನೂ ಆಡುತ್ತೇನೆ. ಊರೂರು ತಿರುಗುವವನಿಗೆ ಯಾರ ಮನೆಯಲ್ಲಿ ವಯಸ್ಸಿಗೆ ಬಂದ ಹುಡುಗಿ ಇದ್ದಾಳೆ, ಯಾರ ಮನೆಯಲ್ಲಿ ನೌಕರಿ ಹಿಡಿದ ಹುಡುಗ ಇದ್ದಾನೆ ಅನ್ನುವುದು ತಾನಾಗಿ ಕಿವಿಗೆ ಬೀಳುತ್ತದೆ. (ಇದಕ್ಕೆ ಕಮಿಷನ್ ಇಲ್ಲ. ಊಟ ಉಂಟು.)

ಹುಡುಗಿಯ ಹೆಸರು ಗಿರಿಜೆ. ನನ್ನ ದೊಡ್ಡಪ್ಪನ ಮಗ ವೀರಭದ್ರಣ್ಣನ ಮಗಳು. ಕುರುಗೋಡಿನಲ್ಲಿ ವೀರಭದ್ರಣ್ಣ ಅಂದರೆ ಜನಕ್ಕೆ ಅವನ ಹೊಲಕ್ಕಿಂತ ಮೊದಲು ಭಜನೆ ನೆನಪಾಗುತ್ತದೆ. ಬಸವಣ್ಣನ ಗುಡಿಯ ಭಜನೆ ಮೇಳಕ್ಕೆ ಅವನೇ ಯಜಮಾನ. ಅವನಿಗಿಂತ ಮುಂಚೆ ಅವನ ಅಪ್ಪ, ಅಂದರೆ ನನ್ನ ದೊಡ್ಡಪ್ಪ. ದೊಡ್ಡಪ್ಪ ಯುದ್ಧದ ಕಾಲದಲ್ಲಿ ತೀರಿಕೊಂಡರು. ಅವರೇ ಕಟ್ಟಿದ್ದು ಅನ್ನುವ ಒಂದು ಹಾಡು ಮಾತ್ರ ಆ ಮನೆಯಲ್ಲಿ ಉಳಿದಿದೆ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೊರಟ ಬಸವನನ್ನು ಕುರಿತ ಹಾಡು. ಅದರ ಮಾತು ತೀರ ಸಾದಾ. ಮಟ್ಟು ಮಾತ್ರ ಸಾದಾ ಅಲ್ಲ. ಮೆಟ್ಟಿಲು ಹತ್ತುವ ಹಾಗೆ ಹತ್ತಿ, ಮೇಲೆ ಒಂದು ಗಳಿಗೆ ನಿಂತು, ನಗುನಗುತ್ತಾ ಇಳಿದು ಬರುವ ಮಟ್ಟು ಅದು. ಬೆಳಿಗ್ಗೆ ಕೇಳಿದರೆ ಸಂಜೆಯವರೆಗೆ ಬಾಯಿ ಬಿಟ್ಟು ಹೋಗುವುದಿಲ್ಲ.

ಹುಡುಗ ಸಿರುಗುಪ್ಪದ ಮಲ್ಲಿಕಾರ್ಜುನ. ಸಾಲೆಯಲ್ಲಿ ಮಾಸ್ತರ. ತಂದೆ ಇಲ್ಲ. ತಾಯಿ ಈರಮ್ಮ ಹೊಳೆಸಾಲಿನ ಗದ್ದೆಯಲ್ಲಿ ತಾನೇ ನಿಂತು ದುಡಿಸಿ ಮಗನನ್ನು ಓದಿಸಿದ ಹೆಂಗಸು. ಮನೆಗೆ ಹಿರಿಯ ಗಂಡಸು ಅಂದರೆ ಹುಡುಗನ ಸೋದರಮಾವ. ಯುದ್ಧದಲ್ಲಿ ಸಿಪಾಯಿಯಾಗಿ ಈಜಿಪ್ಟು, ಇಟಲಿ ಎಲ್ಲ ಸುತ್ತಿ ಬಂದವನು. ಸಿರುಗುಪ್ಪದಲ್ಲಿ ಅವನ ನಿಜವಾದ ಹೆಸರು ಹೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಮಿಲಿಟರಿ ಮಾವ ಅನ್ನಬೇಕು.

ನಮ್ಮ ಮನೆತನಗಳಲ್ಲಿ ಮೊದಲ ಸಲ ಹೆಣ್ಣು ನೋಡಲು ಗಂಡಸರೇ ಬರುವುದು. ಹುಡುಗಿ ಒಪ್ಪಿಗೆಯಾದರೆ ಗಂಡಿನ ಕಡೆಯ ಹಿರಿಯ ಸಕ್ಕರೆ ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾನೆ. ಅಲ್ಲಿಗೆ ಮಾತು ಗಟ್ಟಿ. ಹೆಂಗಸರು ಆಮೇಲೆ ಸೀರೆ ಕುಪ್ಪಸ ತಗೊಂಡು ಬರುತ್ತಾರೆ. ಸಕ್ಕರೆ ಮುಟ್ಟಲಿಲ್ಲ ಅಂದರೆ ನೀರು ಕುಡಿದು ಎದ್ದು ಹೋಗುವುದು. ಎಲ್ಲಕ್ಕೂ ರೇಷನ್ ಚೀಟಿ ಹಿಡಿಯುವ ಈ ಕಂಟ್ರೋಲ್ ಕಾಲದಲ್ಲಿ ಒಂದು ತಟ್ಟೆ ಸಕ್ಕರೆ ಹೊಂದಿಸುವುದು ಸುಲಭವೇ? ನಮ್ಮ ಅತ್ತಿಗೆ, ಗಿರಿಜೆಯ ತಾಯಿ, ಮನೆ ಮಂದಿಗೆಲ್ಲ ಬೆಲ್ಲದ ಚಹಾ ಕುಡಿಸಿ ಅದನ್ನು ಕೂಡಿಟ್ಟಿದ್ದಳು.

ಮಾವನೂ ಹುಡುಗನೂ ನೋಡಲು ಬಂದ ದಿನ ಗಿರಿಜೆ ಬಂದು ಚಾಪೆಯ ಮೇಲೆ ಕೂತಳು. ಹೆಸರು ಕೇಳಿದರು, ಹೇಳಿದಳು. ಎಷ್ಟು ಓದಿದ್ದಿ ಅಂದರು, ಹೇಳಿದಳು. ಒಂದು ಹಾಡು ಹೇಳವ್ವ ಅಂದರು. (ಇದನ್ನು ಯಾಕೆ ಕೇಳುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಮದುವೆಯಾದ ಮೇಲೆ ಹಾಡಿದರೆ, ಒಲೆಯ ಮೇಲೆ ಅನ್ನ ಸೀದು ಹೋಗುತ್ತದೆ ಅಂತ ಬೈಯುವವರೂ ಇವರೇ.)

ಅವಳು ಅಜ್ಜನ ಹಾಡು ಎತ್ತಿಕೊಂಡಳು. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ ಮಲ್ಲಿಕಾರ್ಜುನ ಎರಡನೇ ನುಡಿಗೆ ಹುಡುಗಿಯ ಕಡೆ ತಿರುಗಿದ. ಅವನ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿದವು. ಗಿರಿಜೆಯೂ ಅದನ್ನು ನೋಡಿದಳು ಅನ್ನುವುದು ನನಗೆ ಗೊತ್ತು, ಯಾಕೆಂದರೆ ಅವಳ ದನಿ ಅಲ್ಲಿಂದ ಮುಂದೆ ಹೂವಾಯಿತು. ಅವಳು ನಿಲ್ಲಿಸಿದಾಗ ಹುಡುಗ ಮೆಲ್ಲಗೆ, ಇನ್ನೊಂದು ನುಡಿ ಐತೇನು ಅಂತ ಕೇಳಿದ. ಅತ್ತಿಗೆ ಒಳಗಿನಿಂದ ಸಕ್ಕರೆ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು.

ಆಗ ಮಿಲಿಟರಿ ಮಾವ ಬಾಯಿ ಬಿಟ್ಟ. ಅವನ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

"ಯಪ್ಪಾ, ಈ ಹಾಡು ಕೇಳಿ ಎಷ್ಟು ವರ್ಷ ಆಗಿತ್ತು. ಇಟಲಿಯೊಳಗ ಕೇಳೀನ್ರಿ ಇದನ್ನ. ಸಂಜಿ ಆತಂದ್ರ ಓಣ್ಯಾಗ ಒಬ್ಬಾಂವ ಪೆಟ್ಟಿಗಿ ಬಾರಸವ, ಹುಡುಗ್ರು ಹುಡುಗ್ಯಾರು ಕೈ ಕೈ ಹಿಡ್ಕೊಂಡು ಕುಣಿಯೋರು. ಈಜಿಪ್ಟಿನ ಚಾದಂಗಡ್ಯಾಗೂ ಇದ ಹಾಡು, ಅವರ ಮಾತಿನಾಗ. ನಮ್ಮ ತಂಗಿ ಬಾಯಾಗ ಕೇಳಿ ಜೀವ ತಂಪಾತು ನೋಡ್ರಿ."

ಅವನು ಹೊಗಳಿದ್ದು. ಅದರಲ್ಲಿ ಎಳ್ಳಷ್ಟೂ ಕುಹಕ ಇರಲಿಲ್ಲ. ಆದರೆ ವೀರಭದ್ರಣ್ಣನ ಮುಖ ಕಪ್ಪಿಟ್ಟಿತು. ಅವನು ಎದ್ದು ನಿಂತು ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡ. ಕೂಗಾಡಲಿಲ್ಲ. ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು.

"ಇದು ನಮ್ಮಪ್ಪ ಬಸವಣ್ಣನ ಗುಡಿ ಕಟ್ಟಿ ಮ್ಯಾಲೆ ಕುಂತು ಕಟ್ಟಿದ ಮಟ್ಟು. ಇದನ್ನ ಕುಣಿಯೋ ಹಾಡು ಅನ್ನೋರ ಮನಿಗೆ ನಾ ಮಗಳನ್ನ ಕೊಡಂಗಿಲ್ಲ. ಹೋಗಿ ಬರ್ರಿ."

ಅತ್ತಿಗೆ ತಟ್ಟೆ ಹಿಡಿದುಕೊಂಡೇ ಹಿಂದಕ್ಕೆ ಸರಿದಳು. ಗಿರಿಜೆ ತಲೆ ಎತ್ತಲಿಲ್ಲ. ಹೆಣ್ಣಿನ ಕಡೆಯವರೇ ಬೇಡ ಅಂದ ಮಾತುಕತೆ ನಾನು ನೋಡಿದ್ದು ಅದೇ ಮೊದಲು. ಬಸ್ ನಿಲ್ಲುವ ಮರದ ಕೆಳಗೆ ಮಿಲಿಟರಿ ಮಾವ ನನ್ನನ್ನು ಕೇಳಿದ, ನಾ ಹೊಗಳಿದ್ನಲ್ರಿ, ತಪ್ಪೇನಾತು? ಮಲ್ಲಿಕಾರ್ಜುನ ಬಸ್ಸು ಬರುವವರೆಗೆ ಊರ ಕಡೆ ನೋಡುತ್ತಾ ನಿಂತಿದ್ದ.

ಮುಂದಿನ ಸಲ ಕುರುಗೋಡಿಗೆ ಹೋದಾಗ ಮನೆ ಬಿಕೋ ಅನ್ನುತ್ತಿತ್ತು. ಗಿರಿಜೆ ನಾಲಿಗೆ ತಿರುಗಿದಾಗಿನಿಂದ ಹಾಡುವ ಹುಡುಗಿ. ಕಸ ಗುಡಿಸಲಿ, ಎಮ್ಮೆಗೆ ನೀರು ಇಡಲಿ, ಆ ಮಟ್ಟು ಅವಳ ಬಾಯಲ್ಲಿ ಇದ್ದೇ ಇರುತ್ತಿತ್ತು. ಈಗ ಬೀಸುವ ಕಲ್ಲಿನ ಮುಂದೆ ಕೂತರೂ ಬರೀ ಕಲ್ಲಿನ ಸದ್ದು. ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು ಕಣ್ಣೊರೆಸಿಕೊಂಡಳು. ಮಗಳು ಅಳುವುದಿಲ್ಲವಂತೆ, ಸಿಟ್ಟೂ ಮಾಡುವುದಿಲ್ಲವಂತೆ, ಸುಮ್ಮನಿದ್ದುಬಿಟ್ಟಿದ್ದಾಳೆ. ಇವಳಪ್ಪನಿಗೂ ಅದು ತಾಗುತ್ತಿದೆ, ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಹೋಗುತ್ತಾನೆ, ಆದರೆ ಆಡಿದ ಮಾತು ಹಿಂದಕ್ಕೆ ತಗೊಳ್ಳುವ ಪೈಕಿ ಅಲ್ಲ ಅಂದಳು.

ನಾನು ಹಿತ್ತಿಲಿಗೆ ಹೋಗಿ ಗಿರಿಜೆಯನ್ನು ಮಾತಾಡಿಸಿದೆ. ಯಾಕವ್ವ ಹಾಡೋದು ಬಿಟ್ಟಿ ಅಂತ ಕೇಳಿದೆ. ಅವಳು ಕೈಯಲ್ಲಿದ್ದ ಜೋಳದ ಮೊರವನ್ನು ಕೆಳಗಿಟ್ಟಳು.

"ಅವರು ಇನ್ನೊಂದು ನುಡಿ ಕೇಳಿದ್ರು ಕಾಕಾ. ನಾ ಹಾಡಲೇ ಇಲ್ಲ."

ಅಷ್ಟೇ ಹೇಳಿ ಮೊರ ಎತ್ತಿಕೊಂಡಳು. ಈ ಸಂಬಂಧ ಕೂಡಿಸದೆ ಬಿಡುವುದಿಲ್ಲ ಅಂತ ಬಸ್ಸಿನಲ್ಲಿ ಕೂತು ನಿಶ್ಚಯ ಮಾಡಿದೆ.

ದಾರಿ ಒಂದೇ ಅನ್ನಿಸಿತು. ಮಟ್ಟು ಯಾರದು ಅಂತ ಪತ್ತೆ ಹಚ್ಚುವುದು. ದೊಡ್ಡಪ್ಪನದೇ ಆದರೆ ಮಿಲಿಟರಿ ಮಾವನಿಂದ ಒಂದು ಕ್ಷಮಾಪಣೆ ಹೇಳಿಸಬಹುದು. ಅಲ್ಲ ಅಂತಾದರೆ ವೀರಭದ್ರಣ್ಣನಿಗೆ ಬುದ್ಧಿ ಹೇಳಬಹುದು. ಕೋರ್ಟಿನಲ್ಲಿ ಹೊಲದ ಗಡಿ ಇತ್ಯರ್ಥ ಮಾಡುವ ಹಾಗೆ ಇದನ್ನೂ ಮಾಡಿಬಿಡಬಹುದು ಅಂದುಕೊಂಡೆ. (ಹೊಲದ ಗಡಿಯಾದರೂ ಎಲ್ಲಿ ಇತ್ಯರ್ಥವಾಗುತ್ತದೆ ಹೇಳಿ.)

ಮೊದಲು ಬಳ್ಳಾರಿಯ ಕೌಲ್ ಬಜಾರಿಗೆ ಹೋದೆ. ಅಲ್ಲಿ ಮದುವೆ ಬ್ಯಾಂಡಿನ ಇಮಾಂಸಾಬರಿದ್ದಾರೆ. ವಯಸ್ಸಾಗಿದ್ದರೂ ಕ್ಲಾರಿನೆಟ್ ಹಿಡಿದರೆ ಬೀದಿಯ ಜಟಕಾ ಕುದುರೆಗಳೂ ಹೆಜ್ಜೆ ನಿಧಾನ ಮಾಡುತ್ತವೆ. ನಾನು ಮಟ್ಟನ್ನು ಗುನುಗಿದೆ. ನನ್ನ ದನಿ ಎಂಥದು ಅಂತ ಹೆಂಡತಿಯನ್ನು ಕೇಳಿ. ಆದರೂ ಅರ್ಧ ಸಾಲಿಗೇ ಅವರು ಕೈ ಎತ್ತಿ ನಿಲ್ಲಿಸಿ, ಕ್ಲಾರಿನೆಟ್ ತೆಗೆದು ಇಡೀ ಹಾಡನ್ನು ಊದಿಬಿಟ್ಟರು. ಅಂಗಡಿ ಮುಂದೆ ಜನ ನಿಂತರು.

ಇದು ಎಲ್ಲಿಂದ ಬಂತು ಅಂತ ಕೇಳಿದೆ. ಎಲ್ಲಿಂದ ಅಂದರೇನು, ನಮ್ಮ ಉಸ್ತಾದರು ದರ್ಗಾದ ಉರುಸಿಗೆ ಅಂತ ಕಟ್ಟಿದ್ದು ಅಂದರು. ಕಂಟೋನ್ಮೆಂಟಿನಲ್ಲಿ ಬಿಳಿ ಸಿಪಾಯಿಗಳ ಬ್ಯಾಂಡು ಇದೇ ಹಾಡು ಬಾರಿಸುತ್ತಿತ್ತಂತಲ್ಲ ಅಂತ ಒಂದು ಕಲ್ಲು ಎಸೆದು ನೋಡಿದೆ. ಇಮಾಂಸಾಬರು ಗಡ್ಡ ಸವರಿಕೊಂಡರು. ಬಾರಿಸುತ್ತಿದ್ದರು, ಬೇಲಿ ಆಚೆ ನಿಂತು ನಾನೇ ಕೇಳಿದ್ದೇನೆ, ನಮ್ಮ ಉರುಸಿನ ಮೆರವಣಿಗೆ ಅವರ ಗೇಟಿನ ಮುಂದೆ ಹೋಗುತ್ತಿತ್ತಲ್ಲ, ಅಲ್ಲಿ ಕಲಿತಿರಬೇಕು ಅಂದರು. ಬೇಲಿಯ ಯಾವ ಕಡೆಯವರು ಯಾವ ಕಡೆಯವರಿಂದ ಕಲಿತರು ಅಂತ ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೊರಗೆ ಬಂದವನಿಗೆ ತಲೆಯಲ್ಲಿ ಲೆಕ್ಕ ಕೂಡತೊಡಗಿತು. ದೊಡ್ಡಪ್ಪ ಹತ್ತಿ ಮಾರಲು ವರ್ಷವರ್ಷ ಬಳ್ಳಾರಿಗೆ ಬರುತ್ತಿದ್ದರು. ಮಾಲು ತೂಕವಾಗುವವರೆಗೆ ಕೌಲ್ ಬಜಾರಿನಲ್ಲಿ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಯಾವುದೋ ಮದುವೆ ಮೆರವಣಿಗೆ ಹೋಗಿರಬೇಕು. ಮಟ್ಟು ಕಿವಿಗೆ ಬಿದ್ದಿರಬೇಕು. ಊರಿಗೆ ಹೋಗುವ ಬಂಡಿಯಲ್ಲಿ ಅದು ತಮ್ಮದೇ ಅನ್ನಿಸಿರಬೇಕು. ಇದರಲ್ಲಿ ಕಳ್ಳತನ ಎಲ್ಲಿದೆ? ಚೆನ್ನಾಗಿರುವ ಹಾಡು ತಲೆಯೊಳಗೆ ಬಾಡಿಗೆಗೆ ಬರುತ್ತದೆ, ನಾಲ್ಕು ದಿನ ಕಳೆದರೆ ಮನೆಯ ಯಜಮಾನನೇ ಆಗಿಬಿಡುತ್ತದೆ. ಆದರೆ ಇದನ್ನು ವೀರಭದ್ರಣ್ಣನಿಗೆ ಹೇಳಿದರೆ ಏನಾಗುತ್ತದೆ? ಗಂಡಿನ ಕಡೆಯವರ ಜೊತೆ ನನಗೂ ಆ ಮನೆ ಬಾಗಿಲು ಮುಚ್ಚುತ್ತದೆ.

ಹೋಟೆಲಿಗೆ ಹೋಗಿ ಕೂತೆ. ಅಲ್ಲಿ ರೇಡಿಯೋ ಕಿರುಚುತ್ತಿತ್ತು. ಸಿಲೋನ್ ಕಡೆಯಿಂದ ಬರುವ ಹಾಡು. ಮೊದಲು ಹಿಂದಿ, ಅದಾದ ಮೇಲೆ ಯಾವುದೋ ಇಂಗ್ಲಿಷ್ ಹಾಡು. ದೋಸೆ ತಂದವನು ಅದನ್ನೇ ಮೂಗಿನಲ್ಲಿ ಗುನುಗುತ್ತಿದ್ದ. ಅವನ ಊರು ಉಡುಪಿ ಕಡೆ. ಇಂಗ್ಲಿಷಿನ ಒಂದು ಅಕ್ಷರ ಬಾರದು. ಪಕ್ಕದ ಮೇಜಿನವನು, ಆದೋನಿಯ ತೆಲುಗಿನ ವ್ಯಾಪಾರಿ, ಕಾಲು ಕುಣಿಸುತ್ತಿದ್ದ. ಹಾಡಿದವಳು ಯಾವ ದೇಶದವಳೋ. ಬಳ್ಳಾರಿ ಅನ್ನುವ ಊರೊಂದು ಇದೆ ಅಂತಲೇ ಅವಳಿಗೆ ಗೊತ್ತಿರಲಿಕ್ಕಿಲ್ಲ. ಈ ಹೋಟೆಲಿನಲ್ಲಿ ತನ್ನ ಹಾಡಿಗೆ ದೋಸೆ ಮಗುಚುತ್ತಿದ್ದಾರೆ ಅಂತ ಯಾರಾದರೂ ಹೇಳಿದರೆ ನಂಬುತ್ತಾಳೆಯೇ?

ಮಾತು ದಾಟಲಾರದ ಕಡೆ ಮಟ್ಟು ಹೇಗೆ ದಾಟುತ್ತದೆ? ಸಕ್ಕರೆಗೆ ಕಂಟ್ರೋಲ್ ಇದೆ, ಬಟ್ಟೆಗೆ ಇದೆ, ಸೀಮೆಎಣ್ಣೆಗೆ ಇದೆ. ಒಂದು ಚೀಲ ಅಕ್ಕಿ ಒಂದು ತಾಲೂಕಿನಿಂದ ಇನ್ನೊಂದು ತಾಲೂಕಿಗೆ ಹೋಗಬೇಕಾದರೆ ಪರ್ಮಿಟ್ ಬೇಕು. ಹಾಡನ್ನು ಮಾತ್ರ ಯಾವ ಚೆಕ್‌ಪೋಸ್ಟಿನವನೂ ತಡೆದಿಲ್ಲ. ಪುಣ್ಯ. ತಡೆದಿದ್ದರೆ ಅವನೇ ಅದನ್ನು ಗುನುಗುತ್ತಾ ಮನೆಗೆ ಒಯ್ಯುತ್ತಿದ್ದ.

ರಾಜ್ಯಗಳ ಗಡಿ ಗೀಚುತ್ತಿರುವ ಈ ದಿನಗಳಲ್ಲಿ ಬಳ್ಳಾರಿಯಲ್ಲಿ ಎಲ್ಲಿ ಹೋದರೂ ಒಂದೇ ವಾದ. ಈ ಊರು ಕನ್ನಡದವರದೋ ತೆಲುಗಿನವರದೋ? ಕನ್ನಡದಲ್ಲಿ ದೋಸೆ ಹೇಳಿ ತೆಲುಗಿನಲ್ಲಿ ಚಟ್ನಿ ಕೇಳುವವರೇ ಮೇಜು ಗುದ್ದಿ ಇದನ್ನು ಮಾತಾಡುವುದು. ನನಗೂ ನನ್ನ ಪಕ್ಷ ಇದೆ, ಅದನ್ನು ಈ ಅಂಕಣದಲ್ಲಿ ಬೇಕಾದಷ್ಟು ಸಲ ಬರೆದಿದ್ದೇನೆ. ಆದರೆ ಅವತ್ತು ಆ ವಾದ ಕೇಳುತ್ತಾ ಚಹಾ ಆರಿಹೋಯಿತು. ಊರನ್ನು ಯಾರದು ಅಂತ ಹೇಳಬಹುದೇನೋ. ಒಂದು ಮಟ್ಟನ್ನು ಯಾರದು ಅಂತ ಹೇಳುವುದು ಹೇಗೆ?

ಮರುದಿನ ಸಿರುಗುಪ್ಪಕ್ಕೆ ಹೋದೆ. ಈರಮ್ಮನವರ ಕ್ಷಮೆ ಕೇಳಿ ಬರುವುದು ನನ್ನ ಕರ್ತವ್ಯವಾಗಿತ್ತು. ಹೆಂಗಸು ಗಂಭೀರ. ಹರಿತವಾದ ಕಣ್ಣು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡರು. ತಮ್ಮನ ಬಾಯಿ ದೊಡ್ಡದು ಅಂತ ಒಪ್ಪಿಕೊಂಡರು. ಮಗ ಆವತ್ತಿನಿಂದ ಸಾಲೆಗೆ ಹೋಗಿ ಬರುತ್ತಾನೆ, ಬೇರೆ ಹುಡುಗಿಯ ಮಾತೆತ್ತಿದರೆ ಎದ್ದು ಹೋಗುತ್ತಾನೆ ಅಂದರು. ಆಮೇಲೆ, ಅಂಥದ್ದೇನು ಆ ಹಾಡು, ಒಂದು ಸಾಲು ಹೇಳಿ ನೋಡೋಣ ಅಂದರು.

ಮತ್ತೆ ಗುನುಗಿದೆ. (ಆ ತಿಂಗಳು ನಾನು ಹಾಡಿದಷ್ಟು ಜನ್ಮದಲ್ಲಿ ಹಾಡಿಲ್ಲ.)

ಈರಮ್ಮ ನಕ್ಕರು. ಇದು ತಮ್ಮ ತಾಯಿಯ ಹಾಡು ಅಂದರು. ಭತ್ತದ ಸಸಿ ನಾಟಿ ಮಾಡುವಾಗ ಹೆಣ್ಣಾಳುಗಳೆಲ್ಲ ಸಾಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತಾ ಹಾಡುವುದಂತೆ. ಕೈಯೂ ಕಾಲೂ ಒಂದೇ ಲಯದಲ್ಲಿ ನಡೆಯಬೇಕಲ್ಲ, ಅದಕ್ಕೆ ಈ ಮಟ್ಟು ಹೇಳಿ ಮಾಡಿಸಿದ್ದು. ಮಾತು ತೆಲುಗು. ಹೊಳೆಯಾಚೆ ಮದುವೆಯಾಗಿ ಹೋದ ಅಕ್ಕನನ್ನು ತಂಗಿ ಕರೆಯುವ ಹಾಡು. ತಾಯಿ ತೆಲುಗು ಸೀಮೆಯಿಂದ ಬಂದವರು, ಸೀರೆ ಗಂಟಿನ ಜೊತೆ ಇದನ್ನೂ ಕಟ್ಟಿಕೊಂಡು ಬಂದಿದ್ದರು ಅಂದರು ಈರಮ್ಮ.

ನಿಮ್ಮ ತಮ್ಮ ಇಟಲಿಯಲ್ಲಿ ಕೇಳಿದ್ದು ಇದನ್ನೇ ಅಂತಾನಲ್ಲ ಅಂದೆ. ಅವನು ಸಾಲೆಗೆ ಚಕ್ಕರ್ ಹೊಡೆದು ತಿರುಗಿದವ, ಗದ್ದೆಗೆ ಎಂದು ಬಂದಿದ್ದ, ತಾಯಿ ಹಾಡು ಕೇಳಲು ಇಟಲಿಗೇ ಹೋಗಬೇಕಾಯ್ತು ಅಂದರು.

ಸೆರಗು ಕೊಡವಿ ಎದ್ದು, ಸೋಮವಾರ ಕುರುಗೋಡಿಗೆ ಬರುತ್ತೇನೆ ಅಂದರು. ಮುರಿದ ಸಂಬಂಧದ ಮನೆಗೆ ಗಂಡಿನ ತಾಯಿ ತಾನಾಗಿ ಹೋಗುವುದುಂಟೇ? ಅದನ್ನೇ ಹೇಳಿದೆ.

"ಅವರ ಮನಿಗೆ ಯಾರು ಹೊಂಟಾರ್ರಿ? ಬಸವಣ್ಣನ ಗುಡಿಗೆ ಹೋಗಾಕ ಯಾರ ಅಪ್ಪಣಿ ಬೇಕು?"

ಸೋಮವಾರ ಸಂಜೆ ಗುಡಿಯಲ್ಲಿ ಎಂದಿನಂತೆ ಜನ. ಈರಮ್ಮ ಕಾಯಿ ಒಡೆಸಿ, ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂತರು. ಮಲ್ಲಿಕಾರ್ಜುನ ಹೊರಗಿನ ಕಟ್ಟೆಯ ಹತ್ತಿರ ನಿಂತ. ಮಿಲಿಟರಿ ಮಾವನನ್ನು ಬಾಯಿ ತೆರೆಯಬಾರದು ಅನ್ನುವ ಷರತ್ತಿನ ಮೇಲೆ ಕರೆತಂದಿದ್ದರು. ಅವನು ಇನ್ನೂ ದೂರ, ಚಪ್ಪಲಿ ಬಿಡುವ ಜಾಗದಲ್ಲಿ ಉಳಿದ. ಗಿರಿಜೆ ತಾಯಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಈರಮ್ಮನ ಗುರುತಿಲ್ಲ.

ವೀರಭದ್ರಣ್ಣ ತಾಳ ಹಿಡಿದು ಒಂದಾದ ಮೇಲೊಂದು ಭಜನೆ ಹೇಳಿಸಿದ. ಕೊನೆಗೆ ತನ್ನ ಅಪ್ಪನ ಹಾಡು ಎತ್ತಿದ. ಮೇಳದವರು ಹಿಂದೆ ದನಿಗೂಡಿಸಿದರು. ಒಂದು ನುಡಿ ಮುಗಿದಿರಬೇಕು. ಹೆಂಗಸರ ಕಡೆಯಿಂದ ಅದೇ ಮಟ್ಟಿನಲ್ಲಿ ಬೇರೆ ಮಾತು ಕೇಳತೊಡಗಿತು. ಮೊದಲು ಮೆಲ್ಲಗೆ. ಆಮೇಲೆ ಗದ್ದೆಯ ಈ ಬದಿಯಿಂದ ಆ ಬದಿಗೆ ಮುಟ್ಟುವ ದನಿಯಲ್ಲಿ. ತೆಲುಗು. ಈರಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಬೇಕೆಂದೇ ಹಾಡಿದರೋ, ತಡೆಯಲಾಗದೆ ಹಾಡಿದರೋ, ನಾನು ಕೇಳಿಲ್ಲ, ಅವರು ಹೇಳಿಲ್ಲ.

ವೀರಭದ್ರಣ್ಣನ ಕೈಯಲ್ಲಿ ತಾಳ ನಿಂತಿತು. ಮೇಳ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಈರಮ್ಮ ಕಣ್ಣು ತೆರೆದು ಸೆರಗು ಎಳೆದುಕೊಂಡರು.

ತಾಯಿ, ಈ ಹಾಡು ನಿಮಗೆ ಎಲ್ಲಿಂದ ಬಂತು ಅಂತ ವೀರಭದ್ರಣ್ಣ ಕೇಳಿದ. ದನಿ ಗಡುಸಾಗಿತ್ತು. ತಾನು ಸಿರುಗುಪ್ಪದವಳು, ಹುಡುಗ ಮಲ್ಲಿಕಾರ್ಜುನನ ತಾಯಿ ಅಂತ ಈರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮೂರಲ್ಲಿ ನಾಟಿ ಮಾಡುವಾಗ ಇದನ್ನೇ ಹಾಡುತ್ತೇವೆ, ಕೈ ಕೆಸರಾದಾಗ ನಮಗೂ ದೇವರು ಬೇಕಲ್ಲ ಅಂದರು. ಅತ್ತಿಗೆ ಬಾಯಿಗೆ ಕೈ ಇಟ್ಟುಕೊಂಡಳು. ಗಿರಿಜೆ ತಲೆ ಎತ್ತಿ ಅವರನ್ನು ನೋಡಿದಳು. ನೋಡುತ್ತಲೇ ಇದ್ದಳು.

ನಾನು ಕೆಟ್ಟೆ ಅಂದುಕೊಂಡೆ. ವೀರಭದ್ರಣ್ಣ ನೆಲ ನೋಡುತ್ತಿದ್ದ. ಆಗ ಗಿರಿಜೆ ಹಾಡಿದಳು. ಅವತ್ತು ಮನೆಯಲ್ಲಿ ಹುಡುಗ ಕೇಳಿ, ಅವಳು ಹಾಡದೆ ಉಳಿದಿದ್ದ ಆ ಇನ್ನೊಂದು ನುಡಿ. ಒಬ್ಬಳೇ ಹಾಡಿದಳು. ಎಷ್ಟೋ ದಿನದಿಂದ ಸುಮ್ಮನಿದ್ದ ದನಿ ಮೊದಲು ಸ್ವಲ್ಪ ಒಡೆಯಿತು, ಆಮೇಲೆ ಸರಿಹೋಯಿತು. ಹೊರಗಿನ ಕಟ್ಟೆಯ ಹತ್ತಿರ ನಿಂತವನ ಕಡೆ ಅವಳು ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ. ಮಗಳ ದನಿ ಕೇಳಿದ್ದೇ ವೀರಭದ್ರಣ್ಣನ ಕಣ್ಣು ತುಂಬಿತು. ಅವನ ಕೈಯಲ್ಲಿ ತಾಳ ತಾನಾಗಿ ಮಾತಾಡತೊಡಗಿತು.

ಹಾಡು ಮುಗಿದ ಮೇಲೆ ಅವನು ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತಾ ಬಹಳ ಹೊತ್ತು ಯೋಚನೆ ಮಾಡಿದ. ನನ್ನನ್ನು ಹತ್ತಿರ ಕರೆದ.

"ಲೇ ಶಂಕ್ರ, ನಮ್ಮಪ್ಪ ಭಜನಿ ಹೇಳಾಕ ಸಿರುಗುಪ್ಪಕ್ಕ ಹೋಗ್ತಿದ್ದ. ಗೊತ್ತೈತಿಲ್ಲ ನಿನಗ? ಆ ಹೆಣ್ಮಕ್ಕಳು ಅಲ್ಲೇ ಕೇಳಿ ಕಲ್ತಾರ. ಬಳ್ಳಾರಿಗೆ ಹತ್ತಿ ಹೇರಿಕೊಂಡು ಹೋದಾಗ ಬಂಡ್ಯಾಗ ಕುಂತು ಇದನ್ನ ಹಾಡ್ತಿದ್ದ. ಬಂಡಿ ಕಂಟೋನ್ಮೆಂಟ್ ಮುಂದನ ಹೋಗಬೇಕು. ಆ ಬಿಳಿ ಸಿಪಾಯಿಗುಳು ಕೇಳಿ, ಹಡಗ ಹತ್ತುವಾಗ ಒಯ್ದಾರ. ಸಿರುಗುಪ್ಪಕ್ಕ ಹೋದ ಹಾಡು ಇಟಲಿಗೆ ಹೋಗಾಕ ಏನಡ್ಡಿ?"

ನಾನು ಅವನ ಮುಖ ನೋಡಿದೆ. ಸುಳ್ಳು ಹೇಳುವ ಮುಖ ಅಲ್ಲ ಅದು. ನಂಬಿದ ಮುಖ. ಅಪ್ಪನ ಹಾಡನ್ನು ಯಾರೋ ಕಿತ್ತುಕೊಳ್ಳುತ್ತಾರೆ ಅಂತ ಇಷ್ಟು ದಿನ ಹೆದರಿದ್ದವನಿಗೆ, ಅಪ್ಪ ಕುರುಗೋಡಿನ ಕಟ್ಟೆ ಬಿಟ್ಟು ಏಳದೆಯೇ ಸಮುದ್ರ ದಾಟಿದ್ದು ಕಾಣಿಸಿಬಿಟ್ಟಿತ್ತು. ಕೌಲ್ ಬಜಾರು, ಇಮಾಂಸಾಬರ ಉಸ್ತಾದರು, ಬೇಲಿ, ಕ್ಲಾರಿನೆಟ್ ಎಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಹೌದಣ್ಣ, ಹಾಗೇ ಇರಬೇಕು ಅಂದೆ.

ಇದರಲ್ಲಿ ತಪ್ಪೇನಿದೆ, ಹೇಳಿ. ಅವನ ಲೆಕ್ಕಕ್ಕಿಂತ ನನ್ನ ಲೆಕ್ಕ ಸರಿ ಅನ್ನುವುದಕ್ಕೆ ನನ್ನ ಹತ್ತಿರ ಯಾವ ಸಾಕ್ಷಿ ಇತ್ತು? ನಾನೂ ಊಹೆ ಮಾಡಿದವನೇ, ಅವನೂ ಊಹೆ ಮಾಡಿದವನೇ. ಅವನ ಊಹೆಯಲ್ಲಿ ಒಂದು ಮದುವೆ ಇತ್ತು.

ಎಲ್ಲರೂ ಮನೆಗೆ ನಡೆದೆವು. ಮಿಲಿಟರಿ ಮಾವನಿಗೆ ವೀರಭದ್ರಣ್ಣ ತಾನೇ ಚಾಪೆ ಹಾಸಿದ. ಇಟಲಿಯವರು ಹಾಡುವಾಗ ಉಚ್ಚಾರ ಸರಿಯಾಗಿ ಮಾಡುತ್ತಿದ್ದರೋ ಇಲ್ಲವೋ ಅಂತ ವಿಚಾರಿಸಿದ. ಷರತ್ತು ಸಡಿಲವಾದ ಮಾವ, ಅವರ ಕೈಲಿ ಆದಷ್ಟು ಮಾಡ್ತಿದ್ರು ಪಾಪ ಅಂದ. ಕೈ ಕೈ ಹಿಡಿದು ಕುಣಿಯುತ್ತಿದ್ದದ್ದು ಏನು ಅಂತ ವೀರಭದ್ರಣ್ಣ ಮತ್ತೆ ಕೇಳಿದ. ಚಳಿ ದೇಶ ನೋಡ್ರಿ, ಅವರ ಭಜನಿ ಹಂಗ ಇರತೈತಿ ಅಂದ ಮಾವ. ಅವನನ್ನು ನಾನು ಇಷ್ಟು ದಿನ ದಡ್ಡ ಅಂದುಕೊಂಡಿದ್ದೆ.

ಅತ್ತಿಗೆ ಸಕ್ಕರೆ ತಟ್ಟೆ ತಂದಳು. ಇರುವೆ ಹತ್ತದಂತೆ ನೀರಿನ ಬಟ್ಟಲಿನ ನಡುವೆ ಇಟ್ಟು ಕಾಪಾಡಿದ್ದಳು. ಸ್ವಲ್ಪ ಗಂಟುಕಟ್ಟಿತ್ತು. ಹಿರಿಯನಾದ ಮಾವ ಒಂದು ಚಿಟಿಕೆ ತೆಗೆದುಕೊಳ್ಳಬೇಕು. ಅವನು ಒಂದು ಹಿಡಿ ತೆಗೆದುಕೊಂಡ.

ಬಸ್ಸಿನಲ್ಲಿ ಈರಮ್ಮ ನನ್ನ ಹಿಂದಿನ ಸೀಟಿನಲ್ಲಿದ್ದರು. ಊರು ದಾಟಿದ ಮೇಲೆ ಮುಂದಕ್ಕೆ ಬಗ್ಗಿ ಮೆಲ್ಲಗೆ ಹೇಳಿದರು. ಬೀಗರ ತಂದೆ ಸಿರುಗುಪ್ಪಕ್ಕೆ ಬಂದಾಗ ನಮ್ಮವ್ವನ ಹಾಡು ಕೇಳಿ ಒಯ್ದಿರಬೇಕು, ಇರಲಿ ಬಿಡ್ರಿ, ಹೇಳಾಕ ಹೋಗಬ್ಯಾಡ್ರಿ, ಪಾಪ ಅಂದರು. ಹೂಂ ಅಂದೆ. ಆ ಹೊತ್ತಿಗೆ ಹೂಂ ಅನ್ನುವುದು ನನಗೆ ರೂಢಿಯಾಗಿತ್ತು.

ಮದುವೆ ಆಯಿತು. ಬ್ಯಾಂಡು ಯಾರದು ಅಂತ ಬೇರೆ ಹೇಳಬೇಕೇ? ಇಮಾಂಸಾಬರೇ ಬಂದರು. ಮೆರವಣಿಗೆಯಲ್ಲಿ ಆ ಮಟ್ಟನ್ನು ಊದಿದರು. ವೀರಭದ್ರಣ್ಣ ಅಪ್ಪನ ಹಾಡು ಅಂತ ಎದೆ ಉಬ್ಬಿಸಿ ನಡೆದ. ಈರಮ್ಮ ತಾಯಿಯನ್ನು ನೆನೆದು ಕಣ್ಣೊರೆಸಿಕೊಂಡರು. ಮಿಲಿಟರಿ ಮಾವ ದಾರಿಯ ನಡುವೆ ಕೈ ಬಿಚ್ಚಿ ಇಟಲಿಯ ಭಜನೆ ಮಾಡಿಯೇಬಿಟ್ಟ. ಊದುವುದು ಮುಗಿದ ಮೇಲೆ ಇಮಾಂಸಾಬರು ನನ್ನ ಹತ್ತಿರ ಬಂದು, ನಮ್ಮ ಉಸ್ತಾದರ ಹೆಸರು ಕುರುಗೋಡಿನವರೆಗೆ ಬಂತಲ್ಲ ಅಂತ ಕೈ ಹಿಡಿದುಕೊಂಡರು. ಎಲ್ಲರಿಗೂ ಸಂತೋಷ. ನನ್ನ ಹೆಂಡತಿ ಮಾತ್ರ, ನೀವು ಒಬ್ಬೊಬ್ಬರಿಗೆ ಏನೇನು ಹೇಳಿದ್ದೀರಿ ಅಂತ ಕೇಳಿದಳು. ಊಟಕ್ಕೆ ಎಲೆ ಹಾಕಿದ್ದರಿಂದ ಉತ್ತರ ಹೇಳುವ ಪ್ರಸಂಗ ಬರಲಿಲ್ಲ.

ಮೊನ್ನೆ ಕಸುಬಿನ ಮೇಲೆ ಸಿರುಗುಪ್ಪಕ್ಕೆ ಹೋಗಿದ್ದೆ. ಮಗಳ ಮನೆಗೆ ಹೋಗದೆ ಬಂದರೆ ಅತ್ತಿಗೆ ಬಿಡುತ್ತಾಳೆಯೇ? ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಆ ಮಟ್ಟು ಕೇಳಿಸಿತು. ಎರಡು ದನಿ. ಒಂದು ಈರಮ್ಮನದು, ಒಂದು ಗಿರಿಜೆಯದು. ಅತ್ತೆ ಸೊಸೆ ಎದುರು ಬದುರು ಕೂತು ಅಕ್ಕಿ ಆರಿಸುತ್ತಿದ್ದರು. ಮೇಜಿನ ಹತ್ತಿರ ಮಲ್ಲಿಕಾರ್ಜುನ ಸಾಲೆ ಹುಡುಗರ ಸ್ಲೇಟು ತಿದ್ದುತ್ತಾ ಬೆರಳಿನಿಂದ ತಾಳ ಹಾಕುತ್ತಿದ್ದ. ಹುಡುಗಿ ಮೈಕೈ ತುಂಬಿಕೊಂಡಿದ್ದಳು. ಅವಳ ಹಾಡು ಕೇಳಿ ನನಗೆ ಬಂದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ಗಮನಿಸಿದೆ. ಅವಳು ಹಾಡುತ್ತಿದ್ದದ್ದು ಅಜ್ಜನ ಮಾತಲ್ಲ. ತೆಲುಗು. ಹೊಳೆಯಾಚೆ ಹೋದ ಅಕ್ಕನನ್ನು ತಂಗಿ ಕರೆಯುವ ಮಾತು.

ಈರಮ್ಮ ಚಹಾಕ್ಕೆ ಅಂತ ಒಳಗೆ ಎದ್ದು ಹೋದರು. ನಾನು ಸುಮ್ಮನೆ ಕೆಣಕೋಣ ಅಂತ, ಯಾರದವ್ವ ಈ ಹಾಡು ಅಂತ ಕೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ. ಕಲ್ಲೊಂದನ್ನು ಆರಿಸಿ ಪಕ್ಕಕ್ಕೆ ಇಟ್ಟಳು.

"ನಮ್ಮ ಅತ್ತಿಯವರದು, ಕಾಕಾ."

ಕುರುಗೋಡಿನ ಓದುಗರೇ, ಈ ವಾರದ ಪೇಪರು ವೀರಭದ್ರಣ್ಣನ ಕೈಗೆ ಸಿಗದ ಹಾಗೆ ಸ್ವಲ್ಪ ನೋಡಿಕೊಳ್ಳುತ್ತೀರಾ?